ಕಿರುತೆರೆ: ಎಷ್ಟು ದೊಡ್ಡದು, ಎಷ್ಟು ನಯ?

1975ರ ಆಗಸ್ಟ್ 1ರಂದು ‘ಸೈಟ್’ ಪ್ರಯೋಗ ಆರಂಭವಾಯಿತು. ಅಮೆರಿಕದ ಎಟಿಎಸ್-6 ಉಪಗ್ರಹವನ್ನು ಬಳಸಿಕೊಂಡು ಇಸ್ರೋ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಒಂದು ವರ್ಷ ಟೆಲಿವಿಷನ್ ತಲುಪಿಸಿತು. ಕರ್ನಾಟಕದಲ್ಲಿ ಇದಕ್ಕೆ ಆಯ್ಕೆಯಾದವು ಬಿಜಾಪುರ, ರಾಯಚೂರು ಮತ್ತು ಬೀದರಿನ ನೆರೆಯ ಗುಲ್ಬರ್ಗ ಜಿಲ್ಲೆಗಳು. ತಂತಿಬಲೆಯಿಂದ ಮಾಡಿದ 3 ಮೀಟರ್ ವ್ಯಾಸದ ಆಂಟೆನಾ, ಒಂದು ಕಪ್ಪು-ಬಿಳುಪು ಸೆಟ್, ಅದರ ಮುಂದೆ ಇಡೀ ಊರು! 1977ರಲ್ಲಿ ಗುಲ್ಬರ್ಗದಲ್ಲೇ ಪ್ರಸಾರ ಕೇಂದ್ರ ಸ್ಥಾಪನೆಯಾಯಿತು.

ಕೊನೆಯ ಸಾಲಿನಲ್ಲಿ ಕುಳಿತವರಿಗೆ ಏನು ಕಾಣುತ್ತಿತ್ತು? ಲೆಕ್ಕ ಹಾಕೋಣ.

ಕಣ್ಣಿನ ಮಿತಿ

ಸಾಮಾನ್ಯ ದೃಷ್ಟಿಯ ಕಣ್ಣು ಸುಮಾರು 1 ಮಿನಿಟ್ ಕೋನದಷ್ಟು, ಅಂದರೆ 1 ಡಿಗ್ರಿಯ 60ನೇ ಒಂದು ಭಾಗದಷ್ಟು ಅಂತರವಿರುವ ಬಿಂದುಗಳನ್ನು ಬೇರೆಬೇರೆಯಾಗಿ ಗುರುತಿಸಬಲ್ಲದು. 6 ಮೀಟರ್ ದೂರದಲ್ಲಿ ಇದು ಸುಮಾರು 1.75 ಮಿಲಿಮೀಟರ್.

ಭಾರತದ ಟೆಲಿವಿಷನ್ ಚಿತ್ರದಲ್ಲಿ 625 ಗೆರೆಗಳಿದ್ದವು. ತೆರೆಯ ಮೇಲೆ ಮೂಡುತ್ತಿದ್ದವು ಸುಮಾರು 576. ಉದಾಹರಣೆಗೆ, 24 ಅಂಗುಲದ ಹಳೆಯ ತೆರೆಯ ಎತ್ತರ ಸುಮಾರು 36.6 ಸೆಂ.ಮೀ. ಎಲ್ಲ ಗೆರೆಗಳ ವಿವರ ಕಾಣಲು 2.2 ಮೀಟರ್‌ನಷ್ಟು ಹತ್ತಿರ ಕೂರಬೇಕು. ಇದು ತೆರೆಯ ಎತ್ತರದ ಆರು ಪಟ್ಟು. 6 ಮೀಟರ್ ದೂರದಲ್ಲಿದ್ದವರಿಗೆ ದಕ್ಕುತ್ತಿದ್ದುದು ಸುಮಾರು 210 ಗೆರೆಗಳಷ್ಟು ವಿವರ ಮಾತ್ರ.

ಈಗ ಬೀದರ್ ತಾಲ್ಲೂಕಿನ ಬಗದಲ್‌ನ ಮನೆಯೊಂದರಲ್ಲಿ 2 ಮೀಟರ್ ದೂರದಿಂದ ಟಿ.ವಿ. ನೋಡುತ್ತಾರೆ ಎನ್ನಿ. 1080 ಗೆರೆಗಳ ಎಚ್.ಡಿ. ಚಿತ್ರಕ್ಕೆ ಅಲ್ಲಿ ಸುಮಾರು 50 ಅಂಗುಲದ ತೆರೆ ಹೊಂದುತ್ತದೆ. ಅದೇ ತೆರೆಯಲ್ಲಿ 576 ಗೆರೆಗಳ ಚಾನೆಲ್ ಹಾಕಿದರೆ ಚಿತ್ರ ಮಸುಕಾಗಿ ಕಾಣುತ್ತದೆ. 4ಕೆ ತೆರೆಯ 2160 ಗೆರೆಗಳ ಪೂರ್ಣ ಲಾಭ ಬೇಕಾದರೆ 1 ಮೀಟರ್‌ಗೆ ಸರಿಯಬೇಕು! ಆದ್ದರಿಂದ ತೆರೆಯ ಗಾತ್ರವನ್ನು ನಿರ್ಧರಿಸಬೇಕಾದದ್ದು ಕೂರುವ ದೂರ ಮತ್ತು ನೋಡುವ ಕಾರ್ಯಕ್ರಮ.

ಚಲನೆಯ ಕಥೆ

ಮೂಕಿ ಚಿತ್ರಗಳ ವೇಗ ಒಂದೇ ಸಮನಾಗಿರಲಿಲ್ಲ. 1920ರ ದಶಕದ ಕೊನೆಯಲ್ಲಿ ಮಾತು ಬಂದಾಗ ಧ್ವನಿಗಾಗಿ ಸ್ಥಿರ ವೇಗ ಬೇಕಾಯಿತು. ಸೆಕೆಂಡಿಗೆ 24 ಚೌಕಟ್ಟುಗಳೆಂದು ನಿಗದಿಯಾಯಿತು. ವಿದ್ಯುತ್ತಿನ ಆವರ್ತನ 50 ಹರ್ಟ್ಸ್ ಆದ ನಮ್ಮಲ್ಲಿ ಟೆಲಿವಿಷನ್‌ಗೆ 25 ಚೌಕಟ್ಟುಗಳು. ಪ್ರತಿ ಚೌಕಟ್ಟನ್ನು ಬೆಸ ಗೆರೆ, ಸರಿ ಗೆರೆಗಳೆಂದು ಎರಡು ಭಾಗಗಳಾಗಿ ಕಳುಹಿಸಿದಾಗ ಸೆಕೆಂಡಿಗೆ 50 ಭಾಗಗಳಾದವು. ಸಿನಿಮಾವನ್ನು 25ರ ವೇಗದಲ್ಲಿ ಓಡಿಸಿದರೆ 100 ನಿಮಿಷದ ಚಿತ್ರ 96 ನಿಮಿಷಕ್ಕೇ ಮುಗಿಯುತ್ತದೆ.

ಹಳೆಯ ಚಿತ್ರನಳಿಕೆಯಲ್ಲಿ ಪ್ರತಿ ಬಿಂದುವೂ ಕ್ಷಣಕಾಲ ಮಿನುಗಿ ಆರುತ್ತಿತ್ತು. ಎಲ್.ಸಿ.ಡಿ. ತೆರೆಯಾದರೋ ಮುಂದಿನ ಚೌಕಟ್ಟು ಬರುವವರೆಗೆ ಚಿತ್ರವನ್ನು ಹಿಡಿದಿಡುತ್ತದೆ. ಓಡುವ ವಸ್ತುವನ್ನು ಕಣ್ಣು ಹಿಂಬಾಲಿಸುತ್ತದೆ, ಚಿತ್ರ ನಿಂತಿರುತ್ತದೆ. ಹೀಗಾಗಿ ಅಕ್ಷಿಪಟಲದ ಮೇಲೆ ಅದು ಸವರಿದಂತಾಗುತ್ತದೆ.

ಇದಕ್ಕೊಂದು ಪರಿಹಾರ ಚಲನೆಯ ನಯಗೊಳಿಸುವಿಕೆ. ಟಿ.ವಿ.ಯೊಳಗಿನ ಚಿಪ್ ಎರಡು ಚೌಕಟ್ಟುಗಳನ್ನು ಹೋಲಿಸಿ, ಯಾವ ಭಾಗ ಎತ್ತ ಸರಿಯಿತೆಂದು ಅಂದಾಜಿಸಿ, ನಡುವಿನ ಚೌಕಟ್ಟುಗಳನ್ನು ತಾನೇ ರಚಿಸುತ್ತದೆ. 1990ರ ದಶಕದಲ್ಲೇ ಫಿಲಿಪ್ಸ್ ಇಂತಹ ವ್ಯವಸ್ಥೆಯನ್ನು ತಂದಿತ್ತು. ಆದರೆ ಬ್ಯಾಟಿನ ಹಿಂದೆ ಮರೆಯಾದ ಚೆಂಡಿನ ಬಗ್ಗೆ ಚಿಪ್ ಊಹಿಸಬೇಕಷ್ಟೆ. ಊಹೆ ತಪ್ಪಿದರೆ ಅಂಚುಗಳು ಕಲಸಿಹೋಗುತ್ತವೆ.

ಸಿನಿಮಾದ 24ರ ಲಯವೂ ಇದರಿಂದ ಮಾಯವಾಗಿ, ಚಿತ್ರ ಸ್ಟುಡಿಯೊ ಧಾರಾವಾಹಿಯಂತೆ ಕಾಣುತ್ತದೆ. 2018ರ ಡಿಸೆಂಬರಿನಲ್ಲಿ ನಟ ಟಾಮ್ ಕ್ರೂಸ್ ಇದನ್ನು ಆರಿಸಿಡುವಂತೆ ಪ್ರೇಕ್ಷಕರನ್ನು ಕೋರಿದರು. 2019ರಲ್ಲಿ ಇದನ್ನು ನಿಲ್ಲಿಸುವ ‘ಫಿಲ್ಮ್‌ಮೇಕರ್ ಮೋಡ್’ ಪ್ರಕಟವಾಯಿತು. ಸಿನಿಮಾಕ್ಕೆ ನಯಗೊಳಿಸುವಿಕೆ ಬೇಡ. ಕ್ರಿಕೆಟ್‌ಗೆ ಸ್ವಲ್ಪ ಇಟ್ಟು ನೋಡಬಹುದು. ವಿಡಿಯೊ ಆಟಕ್ಕೆ ಬೇಡ, ಏಕೆಂದರೆ ಲೆಕ್ಕಾಚಾರದಿಂದ ಚಿತ್ರ ತಡವಾಗುತ್ತದೆ.

ನೀವೇ ಮಾಡಿ ನೋಡಿ

ಅಳತೆಪಟ್ಟಿಯಿಂದ ನಿಮ್ಮ ಶಾಲೆಯ ಟಿ.ವಿ. ತೆರೆಯ ಎತ್ತರವನ್ನೂ ಕೊನೆಯ ಬೆಂಚಿನ ದೂರವನ್ನೂ ಅಳೆಯಿರಿ. ದೂರವನ್ನು 3438ರಿಂದ ಭಾಗಿಸಿ. ಬಂದ ಸಂಖ್ಯೆಯಿಂದ ಎತ್ತರವನ್ನು ಭಾಗಿಸಿ. ಕಣ್ಣಿಗೆ ದಕ್ಕುವ ಗೆರೆಗಳ ಸಂಖ್ಯೆ ಸಿಗುತ್ತದೆ. 55 ಅಂಗುಲದ 4ಕೆ ತೆರೆಯಲ್ಲೂ 6 ಮೀಟರ್ ದೂರದ ಮಗುವಿಗೆ ಕಾಣುವುದು ಸುಮಾರು 390 ಗೆರೆಗಳಷ್ಟೇ ವಿವರ. ಆ ಮಗುವಿಗಾಗಿ ಅಕ್ಷರಗಳನ್ನು ದೊಡ್ಡದಾಗಿ ಬರೆಯಿರಿ, ಇಲ್ಲವೇ ಬೆಂಚನ್ನು ಮುಂದಕ್ಕೆ ತನ್ನಿ.