ಯಾರಿಗೆ ‘ತಾತ’, ಯಾರಿಗೆ ಬರಿಯ ಹೆಸರು?

ಹೊಸಕೋಟೆ ತಾಲ್ಲೂಕಿನ ನಂದಗುಡಿ ಸೀಮೆಯಲ್ಲಿ ಕನ್ನಡದ ಜೊತೆ ತೆಲುಗೂ ಓಡಾಡುತ್ತದೆ. ಮನೆಮಾತು ಯಾವುದಾದರೂ ಮಗುವಿಗೆ ಕಲಿಸುವ ಮೊದಲ ಮರ್ಯಾದೆ ಒಂದೇ: ದೊಡ್ಡವರನ್ನು ಹೆಸರು ಹಿಡಿದು ಕೂಗಬಾರದು. ತಾತ, ಅಜ್ಜಿ, ಮಾವ, ಅಕ್ಕ ಎಂದು ಏನಾದರೊಂದು ನಂಟು ಹಚ್ಚಬೇಕು. ‘ಬಾ’ ಎನ್ನದೆ ‘ಬನ್ನಿ’ ಎನ್ನಬೇಕು. ಇದು ವಯಸ್ಸಿಗೆ ಸಲ್ಲುವ ಗೌರವವೆಂದು ನಾವು ನಂಬಿದ್ದೇವೆ. ಚರಿತ್ರೆ ನೋಡಿದರೆ ಈ ನಂಬಿಕೆ ಅರ್ಧ ಮಾತ್ರ ನಿಜ. ಹಳೆಯ ಮೈಸೂರಿನ ಹಳ್ಳಿಗಳಲ್ಲಿ ಮಕ್ಕಳು ಕಲಿಯುತ್ತಿದ್ದುದು ಎರಡು ಪಾಠ: ಯಾರಿಗೆ ಬಹುವಚನ ಬೇಕು, ಯಾರಿಗೆ ಬೇಕಿಲ್ಲ. ಊರ ಮುಖ್ಯಸ್ಥ ಪಟೇಲರ, ಲೆಕ್ಕ ಬರೆಯುವ ಶಾನುಭೋಗರ ಮನೆಯ ಹುಡುಗ, ಊರ ಚಾಕರಿ ಮಾಡುವ ತಲೆ ನರೆತ ತೋಟಿಯನ್ನು ಹೆಸರು ಹಿಡಿದು ಏಕವಚನದಲ್ಲಿ ಕರೆಯುತ್ತಿದ್ದ. ಆ ಮುದುಕ ಹುಡುಗನಿಗೆ ‘ಬುದ್ಧಿ’, ‘ಸ್ವಾಮಿ’ ಎನ್ನುತ್ತಿದ್ದ. ವಯಸ್ಸಿನ ಮರ್ಯಾದೆ ಜಾತಿಯ ಎಲ್ಲೆಯೊಳಗೇ ನಿಲ್ಲುತ್ತಿತ್ತು.

ಜಾತಿ ಮೀರಿದ ನಂಟಿನ ಕರೆಯೂ ಹಳ್ಳಿಗಳಲ್ಲಿ ಇತ್ತಲ್ಲ ಎಂದು ಕೇಳಬಹುದು. ಇತ್ತು. ಹತ್ತಿರದ ಕೈವಾರದಲ್ಲಿ ಬಳೆ ಮಾರುತ್ತಿದ್ದ ನಾರಣಪ್ಪ ಯೋಗಿಯಾಗಿ ಎಲ್ಲರ ಬಾಯಲ್ಲಿ ‘ತಾತಯ್ಯ’ ಆದರು. ಆದರೆ ಯೋಗಿಗೆ ಒಲಿದ ಆ ಕರೆ ಹೊಲದ ಕೂಲಿಯವನಿಗೆ ಅಷ್ಟು ಸುಲಭವಾಗಿ ಸಿಗಲಿಲ್ಲ. ಏಕವಚನ ಸಲಿಗೆಯ ಗುರುತು, ತಾಯಿಗೂ ದೇವರಿಗೂ ‘ನೀನು’ ಎನ್ನುವುದಿಲ್ಲವೇ ಎಂಬುದು ಇನ್ನೊಂದು ಆಕ್ಷೇಪ. ತಾಯಿ ಮಗುವಿನ ನಡುವೆ ‘ನೀನು’ ಎರಡೂ ಕಡೆಯಿಂದ ಬರುತ್ತದೆ; ಜೀತದಾಳು ಒಡೆಯನ ಮಗನಿಗೆ ಹಾಗೆನ್ನುವಂತಿರಲಿಲ್ಲ. ಮಾತು ಸಲಿಗೆಯದೋ ತಾತ್ಸಾರದ್ದೋ ಎಂದು ತಿಳಿಯಲು, ಅದೇ ಮಾತನ್ನು ಎದುರಿನವರು ತಿರುಗಿ ಆಡಬಹುದೇ ಎಂದು ನೋಡಿದರೆ ಸಾಕು.

ಈ ಕಟ್ಟು ಸಡಿಲವಾದದ್ದು ಮನೆಯ ಬುದ್ಧಿಮಾತಿನಿಂದಷ್ಟೇ ಅಲ್ಲ. 1868ರಲ್ಲಿ ಶಿಕ್ಷಣಾಧಿಕಾರಿ ಬಿ.ಎಲ್. ರೈಸ್ ಮೈಸೂರಿಗೆ ಹೋಬಳಿ ಶಾಲೆಗಳ ಯೋಜನೆ ರೂಪಿಸಿದರು. ಸರ್ಕಾರಿ ಶಾಲೆ ಬೆಳೆದಂತೆ ಮರ್ಯಾದೆ ನಿಧಾನವಾಗಿ ಹುದ್ದೆಗೂ ಸಲ್ಲತೊಡಗಿತು: ಯಾವ ಜಾತಿಯವರಾದರೂ ಮೇಷ್ಟ್ರು ಮೇಷ್ಟ್ರೇ. ವಂಶಪಾರಂಪರ್ಯದ ಪಟೇಲಿಕೆ, ಶಾನುಭೋಗಿಕೆ, ತೋಟಿ ಚಾಕರಿಗಳನ್ನು ರದ್ದುಮಾಡಿದ 1961ರ ಕಾಯ್ದೆ 1963ರ ಫೆಬ್ರವರಿ 1ರಂದು ಜಾರಿಗೆ ಬಂತು. ‘ಬುದ್ಧಿ’ ಎನ್ನಲೇಬೇಕಾದ ಹಂಗು ಅಲ್ಲಿಂದ ಕಳಚತೊಡಗಿತು. ಇಂಥ ಚರಿತ್ರೆಯಿರುವ ಪಾಠವನ್ನೇ ಬಿಟ್ಟು ಎಲ್ಲರನ್ನೂ ಹೆಸರಿನಿಂದ ಕರೆದರಾಯಿತು ಎನ್ನುವವರೂ ಇದ್ದಾರೆ. ಆದರೆ 12ನೆಯ ಶತಮಾನದಲ್ಲೇ ಇದಕ್ಕಿಂತ ಬೇರೆ ದಾರಿ ಕಂಡಿತ್ತು. ವಚನಕಾರ ಬಸವಣ್ಣನವರು ಕೆಳಜಾತಿಯವರೆನಿಸಿದ್ದ ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯರಿಗೆ ತಂದೆಯ ಸ್ಥಾನ ಕೊಟ್ಟರು. ನಂಟಿನ ಮಾತನ್ನು ಉಳಿಸಿಕೊಂಡೇ ಅದರ ಬೇಲಿ ಕಿತ್ತರು. ಬಿಡಬೇಕಾದದ್ದು ಆ ಬೇಲಿಯನ್ನು. ಇಂದಿನ ಮಗು ನೆಂಟರಿಗೆ ‘ಅಂಕಲ್, ಬನ್ನಿ’ ಎನ್ನಲು ಬೇಗ ಕಲಿಯುತ್ತದೆ. ಆದರೆ ಕಸ ಒಯ್ಯಲು ಬಂದವರನ್ನು ಮನೆಯ ದೊಡ್ಡವರು ‘ಕಸದವನು ಬಂದ’ ಎಂದರೆ, ಮಗು ಆ ಎರಡನೆಯ ಪಾಠವನ್ನೂ ಅಷ್ಟೇ ಚೆನ್ನಾಗಿ ಕಲಿಯುತ್ತದೆ. ಮರ್ಯಾದೆ ಕಲಿಸುವವರು ಮೊದಲು ತಿದ್ದಬೇಕಾದದ್ದು ತಮ್ಮ ಮಾತನ್ನೇ.