ಕೋಬಾಲ್ಟಿನ ಆರು ಕೈಗಳು

ಕೋಬಾಲ್ಟ್ ಕ್ಲೋರೈಡು ಅಮೋನಿಯಾದೊಡನೆ ಕೂಡಿದರೆ ಒಂದಲ್ಲ, ಹಲವು ಲವಣಗಳು ಹುಟ್ಟುತ್ತವೆ. ಕೋಬಾಲ್ಟಿನ ಒಂದು ಪರಮಾಣುವಿಗೆ ಆರು ಅಮೋನಿಯಾ ಸೇರಿದರೆ ಕಿತ್ತಳೆ ಹಳದಿ, ಐದು ಸೇರಿದರೆ ಕೆನ್ನೇರಳೆ, ನಾಲ್ಕಾದರೆ ಹಸಿರು. ಕ್ಲೋರಿನ್ನಾದರೋ ಎಲ್ಲದರಲ್ಲಿಯೂ ಮೂರೇ. ಆದರೆ ಇವುಗಳ ದ್ರಾವಣಕ್ಕೆ ಸಿಲ್ವರ್ ನೈಟ್ರೇಟನ್ನು ಹನಿಸಿ ನೋಡಿದರೆ, ಮೊಸರಿನಂಥ ಬಿಳಿಯ ಗಸಿಯಾಗಿ ಹಳದಿ ಲವಣವು ಮೂರು ಕ್ಲೋರಿನ್ನನ್ನೂ ಬಿಟ್ಟುಕೊಡುತ್ತದೆ, ಕೆನ್ನೇರಳೆಯದು ಎರಡನ್ನು, ಹಸಿರಿನದು ಒಂದನ್ನೇ.

ಹತ್ತೊಂಬತ್ತನೆಯ ಶತಮಾನದ ರಸಾಯನಜ್ಞರಿಗೆ ಇದೊಂದು ಬಿಡಿಸಲಾಗದ ಒಗಟಾಗಿತ್ತು. ಕೋಬಾಲ್ಟಿಗೆ ಇರುವುದು ಮೂರೇ ಕೈ ಎಂದು ಅವರ ಲೆಕ್ಕ. ಆ ಮೂರೂ ಕ್ಲೋರಿನ್ನನ್ನು ಹಿಡಿದಿರುವಾಗ ಆರು ಅಮೋನಿಯಾಗಳನ್ನು ಹಿಡಿದವರು ಯಾರು? ಅಮೋನಿಯಾಗಳು ಒಂದರ ಕೈಯನ್ನೊಂದು ಹಿಡಿದು ಸರಪಣಿಯಾಗುತ್ತವೆ, ಸರಪಣಿಯ ತುದಿಯ ಕ್ಲೋರಿನ್ನು ಸುಲಭವಾಗಿ ಕಳಚಿಕೊಳ್ಳುತ್ತದೆ ಎಂದು ಸ್ವೀಡನ್ನಿನ ಬ್ಲೂಮ್‌ಸ್ಟ್ರಾಂಡ್ 1869ರಲ್ಲಿ ಹೇಳಿದನು. ಕೋಪನ್‌ಹೇಗನ್ನಿನ ಯೋರ್ಗೆನ್‌ಸೆನ್ ಅದನ್ನು ತಿದ್ದಿ ಬೆಳೆಸಿದನು. ಈತನ ಪ್ರಯೋಗಗಳ ಅಚ್ಚುಕಟ್ಟು ಎಂಥದೆಂದರೆ, ಈತ ತಯಾರಿಸಿದ ಲವಣಗಳನ್ನು ಎದುರಾಳಿಗಳೂ ಶಂಕಿಸಲಿಲ್ಲ. ಆತನ ವಾದಕ್ಕೆ ಮುಂದೆ ಮುಳುವಾದುದೂ ಅವೇ.

ಆಲ್ಸೇಸಿನಲ್ಲಿ ಹುಟ್ಟಿ ಜ್ಯೂರಿಕ್ಕಿನಲ್ಲಿ ನೆಲೆಸಿದ್ದ ಆಲ್ಫ್ರೆಡ್ ವೆರ್ನರ್ ಎಂಬ ತರುಣನು 1892ರ ಒಂದು ರಾತ್ರಿ ಎರಡು ಗಂಟೆಗೆ ಥಟ್ಟನೆ ಎಚ್ಚೆತ್ತು, ಮಾರನೆಯ ಸಂಜೆ ಐದರವರೆಗೆ ಬರೆಯುತ್ತಲೇ ಇದ್ದನಂತೆ. ರಸಾಯನ ಶಾಸ್ತ್ರದಲ್ಲಿ ಕನಸಿನ ಕಥೆಗಳು ಕೊಂಚ ಹೆಚ್ಚೇ! ಇಲ್ಲಿ ಗಮನಿಸಬೇಕಾದುದು ಬೇರೆ: ಈ ಲವಣಗಳ ಮೇಲೆ ಆತ ಅದುವರೆಗೆ ಒಂದು ಪ್ರಯೋಗವನ್ನೂ ಮಾಡಿರಲಿಲ್ಲ. ಅವನ ಮುಂದಿದ್ದುದು ಬಹುಮಟ್ಟಿಗೆ ಯೋರ್ಗೆನ್‌ಸೆನ್ನನ ಬರಹಗಳೇ. 1893ರಲ್ಲಿ ಅಚ್ಚಾದ ಅವನ ಲೇಖನದ ಸಾರ ಇಷ್ಟು: ಕೋಬಾಲ್ಟಿಗೆ ಮೂರು ಕೈಗಳಲ್ಲದೆ ತನ್ನ ಸುತ್ತ ಆರು ಸ್ಥಾನಗಳೂ ಉಂಟು, ಆ ಸ್ಥಾನಗಳು ಎಂಟು ಮುಖದ ಒಂದು ಘನಾಕೃತಿಯ ಆರು ಮೂಲೆಗಳು. ಅಮೋನಿಯಾ ಕಡಿಮೆಯಾದಲ್ಲಿ ಕ್ಲೋರಿನ್ನು ಒಳಗೆ ಬಂದು ಕೂರುತ್ತದೆ. ಕೂತದ್ದು ಗಸಿಯಾಗಿ ಇಳಿಯದು.

ಮೂರೇ ಅಮೋನಿಯಾ ಇದ್ದರೆ? ಸರಪಣಿಯ ಪ್ರಕಾರ ಒಂದು ಕ್ಲೋರಿನ್ನಾದರೂ ಬಿಡಿಯಾಗಬೇಕು. ವೆರ್ನರನ ಪ್ರಕಾರ ಒಂದೂ ಇಲ್ಲ. ಮಿಯೋಲಾತಿಯೊಡನೆ ಕೂಡಿ ಆತ ಅಂಥ ಲವಣದ ದ್ರಾವಣದಲ್ಲಿ ವಿದ್ಯುತ್ತನ್ನು ಹರಿಸಿ ನೋಡಿದನು. ಅದು ಹರಿಯಲಿಲ್ಲವೆಂದೇ ಹೇಳಬೇಕು.

ಯೋರ್ಗೆನ್‌ಸೆನ್ ಸುಮ್ಮನಾಗಲಿಲ್ಲ, ಆಗಬೇಕಾಗಿಯೂ ಇರಲಿಲ್ಲ. ವೆರ್ನರನ ಮಾತು ನಿಜವಾದರೆ ನಾಲ್ಕು ಅಮೋನಿಯಾದ ಲವಣಕ್ಕೆ ಎರಡು ರೂಪಗಳಿರಬೇಕು: ಎರಡು ಕ್ಲೋರಿನ್ನುಗಳು ಎದುರುಬದುರು ಕುಳಿತದ್ದು ಒಂದು, ಅಕ್ಕಪಕ್ಕ ಕುಳಿತದ್ದು ಇನ್ನೊಂದು. ಹಸಿರೇನೋ ಇದೆ, ಇನ್ನೊಂದೆಲ್ಲಿ? ನ್ಯಾಯವಾದ ಪ್ರಶ್ನೆ. ಉತ್ತರಕ್ಕೆ ಹದಿನಾಲ್ಕು ವರ್ಷ ಹಿಡಿಯಿತು. 1907ರಲ್ಲಿ ವೆರ್ನರ್ ನೇರಳೆಯ ಲವಣವನ್ನು ತಯಾರಿಸಿದನು. ಯೋರ್ಗೆನ್‌ಸೆನ್ ತನ್ನ ಸೋಲನ್ನೊಪ್ಪಿಕೊಂಡನು. ವಿದ್ವಾಂಸರ ಜಗಳಗಳಲ್ಲಿ ಇಂಥ ಮುಕ್ತಾಯ ಅಪರೂಪ.

ಆದರೂ ಶಂಕೆ ಉಳಿಯಿತು. 1911ರಲ್ಲಿ ವೆರ್ನರನೂ ಅವನ ಶಿಷ್ಯ ಕಿಂಗನೂ ಕೋಬಾಲ್ಟಿನ ಒಂದು ಲವಣವನ್ನು ಎಡಗೈ ಬಲಗೈಗಳಂತೆ ಪರಸ್ಪರ ಪ್ರತಿಬಿಂಬಗಳಾದ ಎರಡು ಬಗೆಯಾಗಿ ಬೇರ್ಪಡಿಸಿದರು. ಅದರಲ್ಲಿದ್ದ ಇಂಗಾಲವೇ ಇದಕ್ಕೆ ಕಾರಣವಿರಬಹುದೆಂದು ಕೆಲವರು ತಕರಾರು ತೆಗೆದರು. 1913ರಲ್ಲಿ ನೊಬೆಲ್ ಪಾರಿತೋಷಕ ಬಂದಮೇಲೂ ವೆರ್ನರ್ ಅದನ್ನು ಮರೆಯದೆ, 1914ರಲ್ಲಿ ಇಂಗಾಲದ ಸೋಂಕೇ ಇಲ್ಲದ, ನಾಲ್ಕು ಕೋಬಾಲ್ಟುಗಳ ಹೆಕ್ಸಾಲ್ ಎಂಬ ಲವಣವನ್ನೇ ಹಾಗೆ ಬೇರ್ಪಡಿಸಿ ತೋರಿಸಿದನು. ಆ ಲವಣವನ್ನು ಮೊದಲು ತಯಾರಿಸಿದವನು ಯೋರ್ಗೆನ್‌ಸೆನ್. ಆತ ತೀರಿಕೊಂಡದ್ದೂ ಅದೇ ವರ್ಷ.

ಆರು ಸ್ಥಾನಗಳೇನೋ ಸ್ಥಿರಪಟ್ಟವು. ಏಕೆ ಆರು ಎಂಬುದು ಉಳಿಯಿತು. 1919ರಲ್ಲಿ ಐವತ್ತೆರಡರ ವಯಸ್ಸಿಗೇ ತೀರಿಕೊಂಡ ವೆರ್ನರ್ ಅದರ ಉತ್ತರವನ್ನು ಕಾಣಲಿಲ್ಲ. ಎಲೆಕ್ಟ್ರಾನುಗಳು ನೆಲೆಸುವ ಕಕ್ಷಕಗಳಲ್ಲಿ ಎರಡು ಡಿ, ಒಂದು ಎಸ್, ಮೂರು ಪಿ ಬೆರೆತು ಸಂಕರವಾದರೆ ಸರಿಸಮನಾದ ಆರು ಕೈಗಳು ಅದೇ ಆರು ಮೂಲೆಗಳತ್ತ ಚಾಚುತ್ತವೆ ಎಂದು ಅಮೆರಿಕದ ಪಾಲಿಂಗ್ 1931ರಲ್ಲಿ ಲೆಕ್ಕ ಹಾಕಿ ತೋರಿಸಿದನು. ಒಂದೊಂದು ಅಮೋನಿಯಾ ಎರಡೆರಡು ಎಲೆಕ್ಟ್ರಾನುಗಳನ್ನು ತಂದು ಆ ಕೈಗಳಲ್ಲಿ ಇಡುತ್ತದೆ. ಕೋಬಾಲ್ಟಿನ ಸ್ವಂತದ ಆರು ಎಲೆಕ್ಟ್ರಾನುಗಳು ಜೋಡಿಯಾಗಿ ಮೂರು ಕಕ್ಷಕಗಳಲ್ಲಿ ಅಡಗುತ್ತವೆ. ಆದ್ದರಿಂದಲೇ ಹಳದಿ ಲವಣವನ್ನು ಅಯಸ್ಕಾಂತವು ಸೆಳೆಯದು. ಸೊಗಸಾದ ವಿವರಣೆ. ಆದರೆ ಅಮೋನಿಯಾದ ಬದಲು ಫ್ಲೂರಿನ್ನು ಆರು ಕೂತರೆ ಅಯಸ್ಕಾಂತವು ಸೆಳೆಯುತ್ತದೆ. ಅಲ್ಲಿ ನಾಲ್ಕು ಎಲೆಕ್ಟ್ರಾನುಗಳು ಒಂಟಿ. ಏಕೆ ಹೀಗೆಂಬುದಕ್ಕೂ, ಕಥೆ ಶುರುವಾದ ಆ ಬಣ್ಣಗಳಿಗೂ ಸಂಕರಣದಲ್ಲಿ ಸಮರ್ಪಕವಾದ ಉತ್ತರವಿರಲಿಲ್ಲ.

ಉತ್ತರದ ಬೀಜ 1929ರಲ್ಲೇ ಅಚ್ಚಾಗಿತ್ತು. ಸುತ್ತ ಕುಳಿತವರ ಒತ್ತಡದಿಂದ ಐದು ಡಿ ಕಕ್ಷಕಗಳು ಮೇಲೆ ಎರಡು, ಕೆಳಗೆ ಮೂರು ಎಂದು ಒಡೆಯುತ್ತವೆಂದು ಬೆಥೆ ತೋರಿಸಿದ್ದನು; ಬಹುಕಾಲ ಅದು ಭೌತವಿಜ್ಞಾನಿಗಳ ಸೊತ್ತಾಗಿಯೇ ಇತ್ತು. ಒಡೆದ ಅಂತರಕ್ಕೆ ಸರಿಹೊಂದುವ ಬೆಳಕನ್ನು ನುಂಗಿ ಎಲೆಕ್ಟ್ರಾನು ಮೇಲೇರುತ್ತದೆ. ಉಳಿದ ಬೆಳಕು ನಮ್ಮ ಕಣ್ಣಿಗೆ ಬಣ್ಣವಾಗಿ ಬೀಳುತ್ತದೆ. 1951ರಲ್ಲಿ ಇಲ್ಸೆ ಮತ್ತು ಹಾರ್ಟ್‌ಮನ್ ಟೈಟೇನಿಯಮ್ ದ್ರಾವಣದ ನೇರಳೆಯನ್ನು ಹೀಗೆಯೇ ವಿವರಿಸಿದರು. ಅಮೋನಿಯಾ ಅಂತರವನ್ನು ಹಿಗ್ಗಿಸುತ್ತದೆ, ಎಲೆಕ್ಟ್ರಾನುಗಳು ಕೆಳಗೇ ಜೋಡಿಯಾಗುತ್ತವೆ. ಫ್ಲೂರಿನ್ನಿಗೆ ಆ ಬಲವಿಲ್ಲ. ಯೋರ್ಗೆನ್‌ಸೆನ್ ಕೇಳಿದ್ದ ಆ ಎರಡು ಲವಣಗಳಲ್ಲಿಯೂ ಇರುವ ಪರಮಾಣುಗಳು ಅವೇ, ಅಷ್ಟೇ. ಕ್ಲೋರಿನ್ನುಗಳು ಎದುರುಬದುರು ಕುಳಿತಾಗ ಅಂತರಗಳು ಒಂದು ಬಗೆ, ಹಸಿರು. ಅಕ್ಕಪಕ್ಕ ಕುಳಿತಾಗ ಇನ್ನೊಂದು ಬಗೆ, ನೇರಳೆ.