ಬೇಸ್‌ಬಾಲ್ ವಿಡಿಯೊ ಆಟಗಳು: ಹೆಸರಿನ ಹಕ್ಕು ಯಾರದು?

ಅಮೆರಿಕದ ವೃತ್ತಿಪರ ಬೇಸ್‌ಬಾಲ್ ಪಂದ್ಯಗಳನ್ನು ಮನೆಯ ಟಿವಿ ಪರದೆಗೆ ತಂದ ವಿಡಿಯೊ ಆಟಗಳಿಗೆ ನಾಲ್ಕು ದಶಕಗಳಿಗೂ ಮೀರಿದ ಇತಿಹಾಸವಿದೆ. ಬ್ಯಾಟು, ಚೆಂಡು, ಓಟಗಳನ್ನು ಯಾವ ಕಂಪನಿಯಾದರೂ ಚಿತ್ರಿಸಬಹುದು. ಆದರೆ ನೈಜ ತಂಡಗಳ ಹೆಸರು, ಲಾಂಛನಗಳನ್ನು ಬಳಸಲು ಮೇಜರ್ ಲೀಗ್ ಬೇಸ್‌ಬಾಲ್ ಸಂಸ್ಥೆಯ ಪರವಾನಗಿ ಅಗತ್ಯ. ಆಟಗಾರರ ಹೆಸರುಗಳಿಗೆ ಅವರ ಕಾರ್ಮಿಕ ಸಂಘದ ಪರವಾನಗಿ ಪ್ರತ್ಯೇಕವಾಗಿ ಬೇಕು. ಒಂದು ಮಾಲೀಕರ ಪಕ್ಷ, ಇನ್ನೊಂದು ದುಡಿಯುವವರ ಪಕ್ಷ. ಇವೆರಡರ ನಡುವಿನ ವ್ಯಾಜ್ಯದ ಗುರುತುಗಳು ವಿಡಿಯೊ ಆಟಗಳಲ್ಲೂ ಉಳಿದಿವೆ.

ಅರ್ಧ ಪರವಾನಗಿಯ ಆಟಗಳು

1988ರಲ್ಲಿ ನಿಂಟೆಂಡೊ ಯಂತ್ರಕ್ಕಾಗಿ ಅಮೆರಿಕದಲ್ಲಿ ಬಿಡುಗಡೆಯಾದ 'ಆರ್.ಬಿ.ಐ. ಬೇಸ್‌ಬಾಲ್', ಜಪಾನಿನ ನಾಮ್ಕೊ ಕಂಪನಿಯ 1986ರ ಆಟವೊಂದರ ರೂಪಾಂತರ. ಇದಕ್ಕೆ ಆಟಗಾರರ ಸಂಘದ ಒಪ್ಪಿಗೆ ಮಾತ್ರ ದೊರೆತಿತ್ತು. ಆದುದರಿಂದ ಆಟಗಾರರು ನಿಜನಾಮದಲ್ಲೇ ಕಾಣಿಸಿಕೊಂಡರೆ, ತಂಡಗಳು ಬಾಸ್ಟನ್, ಡೆಟ್ರಾಯಿಟ್, ಹ್ಯೂಸ್ಟನ್ ಎಂದು ಕೇವಲ ಸ್ಥಳನಾಮಗಳಿಂದ ಗುರುತಿಸಲ್ಪಟ್ಟವು. 1994ರಲ್ಲಿ ಕೆನ್ ಗ್ರಿಫಿ ಜೂನಿಯರ್ ಹೆಸರಿನಲ್ಲಿ ನಿಂಟೆಂಡೊ ಹೊರತಂದ ಆಟದ ಸ್ಥಿತಿ ಇದಕ್ಕೆ ತದ್ವಿರುದ್ಧ. ಅಲ್ಲಿ ತಂಡಗಳೆಲ್ಲ ನೈಜ. ಆದರೆ ಗ್ರಿಫಿ ಒಬ್ಬರನ್ನುಳಿದು ಮಿಕ್ಕ ಆಟಗಾರರ ಹೆಸರುಗಳು ಕಾಲ್ಪನಿಕ.

ಮುಷ್ಕರದ ನೆರಳು

ವೇತನಕ್ಕೆ ಮಿತಿ ಹೇರುವ ಮಾಲೀಕರ ಯತ್ನವನ್ನು ವಿರೋಧಿಸಿ ಆಟಗಾರರು 1994ರ ಆಗಸ್ಟ್ 12ರಂದು ಮುಷ್ಕರ ಹೂಡಿದರು. 1904ರ ನಂತರ ಮೊದಲ ಬಾರಿಗೆ ಆ ವರ್ಷ 'ವರ್ಲ್ಡ್ ಸೀರೀಸ್' ನಡೆಯಲಿಲ್ಲ. 1995ರ ವಸಂತದ ಅಭ್ಯಾಸ ಶಿಬಿರಗಳಿಗೆ ಮಾಲೀಕರು ಬದಲಿ ಆಟಗಾರರನ್ನು ಕರೆತಂದರು. ಕೊನೆಗೆ ನ್ಯಾಯಾಧೀಶೆ ಸೋನಿಯಾ ಸೊಟೊಮೇಯರ್ ಅವರು ಮಾಲೀಕರ ವಿರುದ್ಧ ನೀಡಿದ ತಡೆಯಾಜ್ಞೆಯಿಂದಾಗಿ ಏಪ್ರಿಲ್ 2ರಂದು ಮುಷ್ಕರ ಅಂತ್ಯಗೊಂಡಿತು.

ಆ ಬದಲಿ ಆಟಗಾರರಲ್ಲಿ ಕೆವಿನ್ ಮಿಲ್ಲರ್ ಒಬ್ಬರು. ಅವರು 2004ರಲ್ಲಿ ವರ್ಲ್ಡ್ ಸೀರೀಸ್ ಗೆದ್ದ ಬಾಸ್ಟನ್ ರೆಡ್ ಸಾಕ್ಸ್ ತಂಡದಲ್ಲಿದ್ದರು. ಆದರೂ ಸಂಘದ ಸದಸ್ಯತ್ವ ಸಿಗದ ಕಾರಣ ವಿಡಿಯೊ ಆಟಗಳಲ್ಲಿ ಅವರ ಹೆಸರು ಬರಲಿಲ್ಲ. ಬ್ಯಾರಿ ಬಾಂಡ್ಸ್ ಅವರ ಪ್ರಕರಣ ಬೇರೆ. 2001ರಲ್ಲಿ ಒಂದೇ ಋತುವಿನಲ್ಲಿ 73 ಹೋಮ್ ರನ್ ಬಾರಿಸಿ ದಾಖಲೆ ಸ್ಥಾಪಿಸಿದ್ದ ಅವರು, ತಮ್ಮ ಹೆಸರನ್ನು ತಾವೇ ಮಾರಿಕೊಳ್ಳುವ ಉದ್ದೇಶದಿಂದ ಸಂಘದ ಸಾಮೂಹಿಕ ಪರವಾನಗಿಯಿಂದ ಹೊರಬಂದರು. ಪರಿಣಾಮವಾಗಿ 'ಎಂವಿಪಿ ಬೇಸ್‌ಬಾಲ್ 2005' ಆಟದಲ್ಲಿ ಅವರ ಸ್ಥಾನವನ್ನು 'ಜಾನ್ ಡೌಡ್' ಎಂಬ ಕಲ್ಪಿತ ವ್ಯಕ್ತಿ ತುಂಬಿದ.

ಮರಳಿ ಬಂದ ಹೆಸರುಗಳು

2006ರಿಂದ ಸೋನಿ ಕಂಪನಿಯ 'ದಿ ಶೋ' ಸರಣಿ ಎರಡೂ ಪರವಾನಗಿಗಳೊಂದಿಗೆ ಬರುತ್ತಿದೆ. ಆದರೆ ಪರವಾನಗಿಗಳ ಪ್ರಶ್ನೆಗೂ ಹಳೆಯದಾದ ಅನ್ಯಾಯವೊಂದು ಈ ಕ್ರೀಡೆಯಲ್ಲಿತ್ತು. 1947ರಲ್ಲಿ ಜಾಕಿ ರಾಬಿನ್ಸನ್ ಬ್ರೂಕ್ಲಿನ್ ಡಾಡ್ಜರ್ಸ್ ತಂಡ ಸೇರುವವರೆಗೆ, ದಶಕಗಳ ಕಾಲ ಕಪ್ಪು ವರ್ಣೀಯರಿಗೆ ಮೇಜರ್ ಲೀಗ್ ಬಾಗಿಲು ಮುಚ್ಚಿತ್ತು. ಅವರು ಪ್ರತ್ಯೇಕವಾದ ನೀಗ್ರೋ ಲೀಗ್‌ಗಳಲ್ಲಿ ಆಡುತ್ತಿದ್ದರು. ಕಾನ್ಸಾಸ್ ಸಿಟಿಯ ನೀಗ್ರೋ ಲೀಗ್ಸ್ ವಸ್ತುಸಂಗ್ರಹಾಲಯದ ಸಹಯೋಗದಲ್ಲಿ 2023ರ 'ದಿ ಶೋ' ಆವೃತ್ತಿಯು ಸ್ಯಾಚೆಲ್ ಪೇಜ್ ಮೊದಲಾದ ಆಟಗಾರರ ಜೀವನಕಥೆಗಳನ್ನು ಅಳವಡಿಸಿತು. 2024ರಲ್ಲಿ ಆ ಲೀಗ್‌ಗಳ ಅಂಕಿಅಂಶಗಳು ಮೇಜರ್ ಲೀಗ್‌ನ ಅಧಿಕೃತ ದಾಖಲೆಗೂ ಸೇರಿದವು. ಜೀವಿತಾವಧಿಯಲ್ಲಿ ಮೇಜರ್ ಲೀಗ್ ಮೈದಾನಕ್ಕೆ ಇಳಿಯಲಾಗದಿದ್ದ ಜಾಶ್ ಗಿಬ್ಸನ್, ಬ್ಯಾಟಿಂಗ್ ಸರಾಸರಿಯ ಪಟ್ಟಿಯಲ್ಲಿ ಈಗ ಅಗ್ರಸ್ಥಾನದಲ್ಲಿದ್ದಾರೆ.